ಜಪಾನಿನ ಬಿಎಲ್ ಡ್ರಾಮಾ ಸಿಡಿ: ಉಸಿರಿನ ನಟನೆಯನ್ನು ಕೇಳಲು ಕಲಿಯುವ ಬಗೆ

ಜಪಾನಿನ ಡ್ರಾಮಾ ಸಿಡಿಯೊಂದನ್ನು, ಅಂದರೆ ಬರೀ ಧ್ವನಿಯಲ್ಲೇ ಆಡಿದ ನಾಟಕದ ಸಿಡಿಯನ್ನು, ಕೈಗೆತ್ತಿಕೊಂಡರೆ ಮೂಲ ಕಥೆಗಾರರ ಹೆಸರಿನ ಜೊತೆಗೇ ಧ್ವನಿ ಕೊಟ್ಟವರ ಹೆಸರೂ ಎದ್ದು ಕಾಣುತ್ತದೆ. ಅಲ್ಲಿ ಅವರನ್ನು ಸೇಯೂ ಎನ್ನುತ್ತಾರೆ. ನಮ್ಮಲ್ಲಿ ಕಂಠದಾನ ಕಲಾವಿದರ ಹೆಸರು ಸಾಮಾನ್ಯ ಪ್ರೇಕ್ಷಕನ ಕಿವಿಗೆ ಬೀಳುವುದೇ ಅಪರೂಪ. ಅಲ್ಲಿ ಆ ಹೆಸರನ್ನು ನೋಡಿಯೇ ಸಿಡಿ ಕೊಳ್ಳುವವರಿದ್ದಾರೆ. ಅದರಲ್ಲೂ ಗಂಡಸರಿಬ್ಬರ ನಡುವಿನ ಪ್ರೇಮವನ್ನು ಹೇಳುವ ಬಿಎಲ್, ಅಂದರೆ ಬಾಯ್ಸ್ ಲವ್ ನಾಟಕಗಳಲ್ಲಿ ಯಾರ ಎದುರು ಯಾರು ಎಂಬುದೇ ಅಭಿಮಾನಿಗಳ ಮೊದಲ ಪ್ರಶ್ನೆ. ಕಥೆ ಏನು ಎಂಬುದು ಆಮೇಲಿನ ಮಾತು. ನಾಟಕದ ಮೂಲವಾದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಓದಿದವರಿಗೆ ಕಥೆ ಹೇಗೂ ಗೊತ್ತಿರುತ್ತದೆ.

ಅನಿಮೆ ಎಂಬ ಜಪಾನಿ ಅನಿಮೇಷನ್ ನೋಡಿ ಅಭ್ಯಾಸವಿದ್ದು, ಬಿಎಲ್ ಮಾಂಗಾ ಒಂದೆರಡಾದರೂ ಓದಿ, ಈ ಧ್ವನಿ ನಾಟಕಗಳ ಬಗ್ಗೆ ಕುತೂಹಲವಿದ್ದೂ ಜಪಾನಿ ಬಾರದೆಂದು ಹಿಂಜರಿಯುತ್ತಿರುವವರಿಗಾಗಿ ಈ ಬರಹ. ಹಿಂಜರಿಕೆ ಬೇಡ. ಈ ನಾಟಕಗಳ ಜೀವ ಇರುವುದು ಮಾತಿನ ಹಿಂದುಮುಂದಿನ ಉಸಿರಿನಲ್ಲಿ, ತಡವರಿಕೆಯಲ್ಲಿ, ಮೈಕಿನಿಂದ ಕಲಾವಿದ ಎಷ್ಟು ದೂರ ನಿಂತಿದ್ದಾನೆ ಎಂಬುದರಲ್ಲಿ. ಅದನ್ನು ಕೇಳಲು ನಿಘಂಟು ಬೇಕಾಗಿಲ್ಲ, ಕೇಳುವ ಕ್ರಮವೊಂದು ಬೇಕು.

ಹಿನ್ನೆಲೆ, ಸ್ವಲ್ಪದರಲ್ಲಿ

ಬಿಎಲ್ ಕಥೆಗಳನ್ನು ಬರೆಯುವವರೂ ಓದುವವರೂ ಬಹುಪಾಲು ಹೆಂಗಸರು. 1978ರಲ್ಲಿ ಶುರುವಾದ ‘ಜೂನ್’ ಪತ್ರಿಕೆ ಈ ಬಗೆಯ ಕಥೆಗಳಿಗೆ ಮೊದಲ ದೊಡ್ಡ ನೆಲೆಯಾಯಿತು. ಧ್ವನಿ ನಾಟಕಗಳು ಮೊದಲು ಬಂದದ್ದು ಕ್ಯಾಸೆಟ್ಟಿನಲ್ಲಿ. 1990ರ ದಶಕದಲ್ಲಿ ಸಿಡಿ ಆ ಜಾಗ ಹಿಡಿಯಿತು. ಅದೇ ದಶಕದ ಆರಂಭದಲ್ಲಿ, 1992ರಲ್ಲಿ, ಜೂನ್ ಪತ್ರಿಕೆಯಲ್ಲಿ ಬಂದಿದ್ದ ‘ಆಯ್ ನೊ ಕುಸಾಬಿ’ ಎಂಬ ಕಾದಂಬರಿ ಅನಿಮೇಷನ್ ವಿಡಿಯೊ ಆದಾಗ ಕಾನೆತೊ ಶಿಯೊಜಾವಾ ಮತ್ತು ತೊಶಿಹಿಕೊ ಸೆಕಿ ಅದರ ಎರಡು ಮುಖ್ಯ ಪಾತ್ರಗಳಿಗೆ ಧ್ವನಿ ಕೊಟ್ಟರು. ಶಿಯೊಜಾವಾ 2000ದಲ್ಲಿ ತೀರಿಕೊಂಡರು. ಅವರ ತಣ್ಣನೆಯ, ನಯವಾದ, ಏರಿಳಿತವನ್ನು ಬಿಟ್ಟುಕೊಡದ ಕಂಠವನ್ನು ಹಳೆಯ ಕೇಳುಗರು ಇಂದಿಗೂ ನೆನೆಯುತ್ತಾರೆ.

ಒಂದು ಸಿಡಿಯಲ್ಲಿ ಹಿಡಿಸುವುದು 74ರಿಂದ 80 ನಿಮಿಷ. ಮಾಂಗಾದ ಒಂದು ಸಂಪುಟ ಹೆಚ್ಚುಕಡಿಮೆ ಅಷ್ಟರಲ್ಲಿ ಮುಗಿಯುತ್ತದೆ. ದೊಡ್ಡ ಕಥೆಯಾದರೆ ಎರಡು ಸಿಡಿಗಳ ಕಟ್ಟು. ಮುಖ್ಯ ಪಾತ್ರಗಳು ಎರಡು, ಪಕ್ಕದ ಪಾತ್ರಗಳು ಬೆರಳೆಣಿಕೆಯಷ್ಟು, ಹಿನ್ನೆಲೆ ಸಂಗೀತ ಹಿತಮಿತ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂದು ಹೆಸರಿಟ್ಟು ಬಾನುಲಿ ಕೇಂದ್ರ ಕಟ್ಟಿದ ಕಾಲದಿಂದ ರೇಡಿಯೊ ನಾಟಕ ಕೇಳಿಕೊಂಡು ಬಂದ ನಾಡು ನಮ್ಮದು. ಕಿವಿಯಿಂದಲೇ ಒಂದು ಮನೆಯನ್ನು, ಅದರ ಬಾಗಿಲನ್ನು, ಬಾಗಿಲ ಬಳಿ ನಿಂತವನನ್ನು ಕಾಣುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಅದನ್ನು ಮತ್ತೆ ರೂಢಿಸಿಕೊಳ್ಳುವುದು ಕಷ್ಟವಲ್ಲ.

ಮೊದಲ ಹೆಜ್ಜೆ: ಓದಿದ ಕಥೆಯನ್ನೇ ಆರಿಸಿ

ಮೊದಲ ನಾಟಕಕ್ಕೆ ಹೊಸ ಕಥೆ ಬೇಡ. ಇಂಗ್ಲಿಷ್ ಅನುವಾದದಲ್ಲಿ ನೀವು ಓದಿ ಮುಗಿಸಿದ, ಸಾಧ್ಯವಾದರೆ ಎರಡು ಸಲ ಓದಿದ ಮಾಂಗಾ ಒಂದರ ನಾಟಕವನ್ನೇ ತೆಗೆದುಕೊಳ್ಳಿ. ಕಥೆ ತಿಳಿದಿದ್ದರೆ ಮಾತಿನ ಅರ್ಥಕ್ಕಾಗಿ ತಿಣುಕುವ ಕೆಲಸ ತಪ್ಪಿ ಕಿವಿ ಬಿಡುವಾಗುತ್ತದೆ. ಪಾತ್ರಗಳು ಕಡಿಮೆ ಇರುವ, ಮನೆ, ಕಚೇರಿ, ಕಾರಿನಂಥ ಮುಚ್ಚಿದ ಜಾಗಗಳಲ್ಲಿ ನಡೆಯುವ, ವಯಸ್ಕರ ನಡುವಿನ ಕಥೆ ಆದರೆ ಒಳ್ಳೆಯದು. ಹೊಡೆದಾಟ, ಓಡಾಟ ಹೆಚ್ಚಿರುವ ಕಥೆಯಲ್ಲಿ ಸದ್ದುಗಳೇ ಧ್ವನಿಯನ್ನು ನುಂಗಿಬಿಡುತ್ತವೆ.

ಇನ್ನೊಂದು ದಾರಿಯೂ ಇದೆ. ಅನಿಮೆಯಾಗಿ ಬಂದ, ಆದರೆ ಕಲಾವಿದರು ಬದಲಾಗದ ಕಥೆಯನ್ನು ಹಿಡಿಯುವುದು. ‘ಜುಂಜೊ ರೊಮಾಂಟಿಕಾ’ 2008ರಲ್ಲಿ ದೂರದರ್ಶನ ಸರಣಿಯಾದಾಗ ಡ್ರಾಮಾ ಸಿಡಿಯಲ್ಲಿದ್ದ ಹಿಕಾರು ಹಾನಾದಾ ಮತ್ತು ತಕಾಹಿರೊ ಸಕುರಾಯ್ ಅವರೇ ಮುಖ್ಯ ಜೋಡಿಯಾಗಿ ಮುಂದುವರಿದರು. ಕೊಉ ಯೊನೆದಾ ಅವರ ‘ಸಾಯೆಜುರು ತೊರಿ ವಾ ಹಬತಾಕಾನಾಯ್’ 2020ರಲ್ಲಿ ಚಲನಚಿತ್ರವಾದಾಗಲೂ ಹಾಗೆಯೇ ಆಯಿತು. ಸಿಡಿಯಲ್ಲಿ ಆ ಪಾತ್ರಗಳನ್ನು ಕಟ್ಟಿದ ತಾರುಸುಕೆ ಶಿಂಗಾಕಿ ಮತ್ತು ವತಾರು ಹತಾನೊ ಅವರೇ ತೆರೆಗೂ ಬಂದರು. ಇಂಥ ಕಡೆ ಮೊದಲು ಚಿತ್ರಸಹಿತ ನೋಡಿ, ಆಮೇಲೆ ಸಿಡಿಗೆ ಬನ್ನಿ. ಮುಖ ನಿಮ್ಮ ಮನಸ್ಸಿನಲ್ಲಿ ಕೂತಿರುತ್ತದೆ. ಧ್ವನಿ ಒಂಟಿಯಾಗಿ ಬಂದಾಗ ಏನು ಬದಲಾಗುತ್ತದೆ ಎಂಬುದು ಆಗ ತಟ್ಟನೆ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ಕೊಳ್ಳುವುದು

ಸಿಡಿಯೊಂದರ ಬೆಲೆ ಸಾಮಾನ್ಯವಾಗಿ 3,000 ಯೆನ್‌ನಿಂದ ಮೇಲಕ್ಕೆ. ಎರಡು ಸಿಡಿಗಳ ಕಟ್ಟಾದರೆ ಇನ್ನೂ ಹೆಚ್ಚು. ಅದರ ಮೇಲೆ ಅಂಚೆ ವೆಚ್ಚ, ಭಾರತಕ್ಕೆ ಬಂದ ಮೇಲೆ ಸುಂಕ ಬೀಳುವ ಸಾಧ್ಯತೆ. ಸಿಡಿ ಜಪಾನ್‌ನಂಥ ಮಳಿಗೆಗಳು ಹೊರದೇಶಗಳಿಗೆ ಕಳುಹಿಸುತ್ತವೆ. ಆದರೆ ಮೊದಲ ನಾಟಕಕ್ಕೆ ಇಷ್ಟೆಲ್ಲ ಖರ್ಚು ಬೇಡ ಎಂಬುದು ನನ್ನ ಸಲಹೆ. ಪೊಕೆಡೊರಾ, ಡಿಎಲ್‌ಸೈಟ್ ಮುಂತಾದ ಜಪಾನಿನ ತಾಣಗಳಲ್ಲಿ ನಾಟಕಗಳು ಡೌನ್‌ಲೋಡ್ ರೂಪದಲ್ಲೂ ಸಿಗುತ್ತವೆ, ಜೊತೆಗೆ ಒಂದೆರಡು ನಿಮಿಷದ ಮಾದರಿಯನ್ನು ಬಿಟ್ಟಿಯಾಗಿ ಕೇಳಲು ಬಿಡುತ್ತವೆ. ಮಾದರಿ ಕೇಳದೆ ಕೊಳ್ಳಬೇಡಿ. ಆ ಒಂದೆರಡು ನಿಮಿಷದಲ್ಲಿ ಇಬ್ಬರ ಕಂಠವೂ ನಿಮಗೆ ಹಿಡಿಸಬೇಕು. ಒಬ್ಬರದು ಮಾತ್ರ ಹಿಡಿಸಿದರೆ ಎಪ್ಪತ್ತು ನಿಮಿಷ ಕೂರುವುದು ಕಷ್ಟ.

ಖಾತೆ ತೆರೆಯುವ ಮುನ್ನ ಪಾವತಿಯ ಪುಟವನ್ನು ನೋಡಿ. ಎಲ್ಲ ತಾಣಗಳೂ ಎಲ್ಲ ಕಾರ್ಡುಗಳನ್ನು ಒಪ್ಪುವುದಿಲ್ಲ. ಭಾರತದ ಬ್ಯಾಂಕ್ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕಾಗುತ್ತದೆ. ಕೊಂಡ ಮೇಲೆ ಮತ್ತೆ ಬಂದ್ ಮಾಡಿಡುವುದು ಲೇಸು. ಬಿಎಲ್ ನಾಟಕಗಳಲ್ಲಿ ಹಲವು ವಯಸ್ಕರಿಗೆ ಮಾತ್ರ ಮೀಸಲಾದವು. ವಯಸ್ಸಿನ ಗುರುತನ್ನು ನೋಡಿಯೇ ಮುಂದುವರಿಯಿರಿ, ಹದಿನೆಂಟು ದಾಟದವರ ಕೈಗೆ ಅಂಥದ್ದನ್ನು ಕೊಡಬೇಡಿ.

ಕದ್ದು ಹಾಕಿದ ಕಡತಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ. ಅವುಗಳಿಂದ ದೂರವಿರಿ. ಡ್ರಾಮಾ ಸಿಡಿಯ ಮಾರುಕಟ್ಟೆ ಸಣ್ಣದು. ಮೊದಲ ಸಂಪುಟ ಚೆನ್ನಾಗಿ ಹೋದರೆ ಮಾತ್ರ ಎರಡನೆಯದು ಬರುತ್ತದೆ. ಕಥೆ ಅರ್ಧಕ್ಕೆ ನಿಂತು, ಮುಂದಿನ ಸಂಪುಟಕ್ಕೆ ಕಾದು ಸೋತ ಅಭಿಮಾನಿಗಳ ಸಂಕಟ ಈ ಲೋಕದಲ್ಲಿ ಎಲ್ಲರಿಗೂ ಪರಿಚಿತ.

ಮೂರನೆಯ ಹೆಜ್ಜೆ: ಮೊದಲ ಸಲ ದೂರವನ್ನು ಕೇಳಿ

ತಂತಿಯ ಇಯರ್‌ಫೋನ್ ಅಥವಾ ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಈ ಕಲೆಯ ಅರ್ಧ ಭಾಗ ಕಳೆದುಹೋಗುತ್ತದೆ. ಬಸ್ಸಿನಲ್ಲಿ ಬೇಡ, ಅಡುಗೆ ಮಾಡುತ್ತಲೂ ಬೇಡ. ಪೂರ್ತಿ ನಾಟಕವನ್ನು ಒಂದೇ ಬಾರಿಗೆ ಕೇಳಿ ಮುಗಿಸುವ ಹಟವೂ ಬೇಡ. ಮೊದಲ ಕೂರಿಕೆಗೆ ಒಂದೋ ಎರಡೋ ಟ್ರ್ಯಾಕ್ ಸಾಕು. ಮಾಂಗಾವನ್ನು ಪಕ್ಕಕ್ಕಿಡಿ, ತೆರೆಯಬೇಡಿ.

ಈ ಸಲ ಗಮನಿಸಬೇಕಾದದ್ದು ಒಂದೇ: ಮಾತಾಡುವವನು ನಿಮ್ಮಿಂದ ಎಷ್ಟು ದೂರದಲ್ಲಿದ್ದಾನೆ? ಧ್ವನಿಮುದ್ರಣ ಕೊಠಡಿಯಲ್ಲಿ ಕಲಾವಿದರು ಮೈಕಿನ ಮುಂದೆ ನಿಂತು, ಕೈಯಲ್ಲಿ ನಾಟಕದ ಪ್ರತಿ ಹಿಡಿದು, ಹಾಳೆ ತಿರುವುವ ಸದ್ದು ಬಾರದಂತೆ ಎಚ್ಚರವಹಿಸಿ ಅಭಿನಯಿಸುತ್ತಾರೆ. ಮೈಕಿಗೆ ನೇರವಾಗಿ, ಹತ್ತಿರದಿಂದ ಆಡಿದ ಮಾತು ದಪ್ಪಗೆ, ತೇವವಾಗಿ ಕೇಳುತ್ತದೆ. ಮುಖ ತಿರುಗಿಸಿ ಅಥವಾ ಹಿಂದೆ ಸರಿದು ಆಡಿದರೆ ಮಾತು ತೆಳುವಾಗಿ, ಕೋಣೆಯ ಗಾಳಿಯನ್ನು ಜೊತೆಗೂಡಿಸಿಕೊಂಡು ಬರುತ್ತದೆ. ಮನದ ಒಳಮಾತು ಇನ್ನೊಂದು ಬಗೆ. ಅದಕ್ಕೆ ಕೋಣೆಯೇ ಇರುವುದಿಲ್ಲ, ನಿಮ್ಮ ತಲೆಯೊಳಗೇ ಯಾರೋ ಮೆಲ್ಲಗೆ ಹೇಳಿದ ಹಾಗೆ ಇರುತ್ತದೆ.

ಪ್ರೇಮಕಥೆಗೆ ಇದೆಲ್ಲ ಏಕೆ ಮುಖ್ಯ ಎಂದರೆ, ಇಬ್ಬರು ಹತ್ತಿರವಾಗುವುದೇ ಇಲ್ಲಿ ಕಥೆ. ಚಿತ್ರದಲ್ಲಿ ಅದನ್ನು ಕಣ್ಣಿಗೆ ತೋರಿಸಬಹುದು. ಇಲ್ಲಿ ಅದನ್ನು ಕಂಠವೇ ಕಟ್ಟಬೇಕು. ಆರಂಭದ ದೃಶ್ಯದಲ್ಲಿ ಮೇಜಿನ ಆಚೆಯಿಂದ ಬಂದಂತಿದ್ದ ದನಿ ನಾಟಕದ ಮಧ್ಯಕ್ಕೆ ಬರುವಾಗ ಪಕ್ಕದ ಕುರ್ಚಿಗೆ, ಕೊನೆಯಲ್ಲಿ ಭುಜದ ಬಳಿಗೆ ಬಂದಿರುತ್ತದೆ. ಆ ದಾರಿಯನ್ನು ಗುರುತಿಸುವುದೇ ಮೊದಲ ಸಲದ ಅಭ್ಯಾಸ. ಒಂದು ಹಾಳೆಯಲ್ಲಿ ಟ್ರ್ಯಾಕ್‌ನ ಸಂಖ್ಯೆ ಬರೆದು, ಮುಂದೆ ‘ದೂರ’, ‘ಹತ್ತಿರ’, ‘ಒಳಗೆ’ ಎಂದಷ್ಟೇ ಗುರುತು ಮಾಡಿ. ಮಾತಿನ ಅರ್ಥ ತಿಳಿಯದೆಯೂ ಕಥೆಯ ನಕ್ಷೆ ಮೂಡುತ್ತದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಮನುಷ್ಯನ ತಲೆಯ ಆಕಾರದ ಮೈಕ್ ಇಟ್ಟು, ಕೇಳುಗರ ಕಿವಿಯಲ್ಲೇ ಪಿಸುಗುಟ್ಟುವಂತೆ ಮುದ್ರಿಸುವ ನಾಟಕಗಳು ಬೇರೆ ಇವೆ. ಅಲ್ಲಿ ಕಲಾವಿದ ಮಾತಾಡುವುದು ನಿಮ್ಮೊಡನೆ, ನೀವೇ ಆ ಕಥೆಯ ನಾಯಕಿ. ಬಿಎಲ್ ನಾಟಕದಲ್ಲಿ ನೀವು ಕಥೆಯೊಳಗಿಲ್ಲ. ಇಬ್ಬರು ಒಬ್ಬರಿಗೊಬ್ಬರು ಆಡುವ ಮಾತನ್ನು ನೀವು ಗೋಡೆಯಾಚೆಯಿಂದ ಕೇಳುತ್ತಿದ್ದೀರಿ. ನನ್ನನ್ನು ಈ ಪ್ರಕಾರಕ್ಕೆ ಒಲಿಸಿದ್ದು ಆ ಅಂತರವೇ. ಯಾರೂ ನನ್ನನ್ನು ಮೆಚ್ಚಿಸಲು ಹೊರಟಿಲ್ಲ. ಅವರಿಗೆ ಅವರದೇ ಚಿಂತೆ. ಆದ್ದರಿಂದಲೇ ಅವರ ದನಿಯನ್ನು ನಂಬಲು ಸಾಧ್ಯವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಎರಡನೆಯ ಸಲ ಉಸಿರನ್ನು ಕೇಳಿ

ಈಗ ಮಾಂಗಾ ತೆರೆದಿಟ್ಟುಕೊಳ್ಳಿ. ಮಾತಿನ ಗುಳ್ಳೆಯೇ ಇಲ್ಲದ ಚೌಕಗಳನ್ನು ಹುಡುಕಿ. ಒಬ್ಬ ತಲೆ ಎತ್ತಿ ನೋಡುತ್ತಾನೆ, ಇನ್ನೊಬ್ಬನ ಕೈ ಚಾಚಿ ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ತಗ್ಗುತ್ತದೆ. ಮಾಂಗಾದಲ್ಲಿ ಇಂಥ ಮೂಕ ಚೌಕಗಳೇ ಹೆಚ್ಚು ಮಾತಾಡುತ್ತವೆ. ಧ್ವನಿ ನಾಟಕದಲ್ಲಿ ಅವಕ್ಕೆ ಏನು ಗತಿ? ನಾಟಕದ ಪಠ್ಯ ಬರೆಯುವವರು ಕೆಲವನ್ನು ಒಳಮಾತಾಗಿಸುತ್ತಾರೆ, ಕೆಲವಕ್ಕೆ ಬಟ್ಟೆಯ ಸರಸರ, ಕುರ್ಚಿಯ ಕಿರುಗುಟ್ಟುವಿಕೆ ಸೇರಿಸುತ್ತಾರೆ. ಉಳಿದದ್ದೆಲ್ಲ ಕಲಾವಿದನ ಪಾಲು. ಅವನ ಕೈಯಲ್ಲಿರುವುದು ಉಸಿರೊಂದೇ.

ಕಿವಿಗೊಟ್ಟರೆ ಎಷ್ಟೊಂದು ಬಗೆಯ ಉಸಿರುಗಳಿವೆ! ಮಾತಾಡಲು ಒಳಗೆಳೆದುಕೊಂಡು, ಮಾತಾಡದೆ ಹೊರಬಿಟ್ಟದ್ದು. ಮೂಗಿನಲ್ಲಿ ಬಂದು ನಗೆಯಾಗುವ ಮುನ್ನ ನಿಂತದ್ದು. ಬೆಚ್ಚಿದಾಗ ಗಂಟಲಲ್ಲೇ ಸಿಕ್ಕಿಬಿದ್ದದ್ದು. ಅಳು ಬಾರದಂತೆ ಹಿಡಿದುಕೊಂಡವನ ಉಸಿರು ಚಿಕ್ಕ ಚಿಕ್ಕ ತುಂಡುಗಳಾಗಿ ಬರುತ್ತದೆ. ಸಿಟ್ಟನ್ನು ಹಿಡಿದುಕೊಂಡವನದು ಉದ್ದವಾಗಿ, ಸಮನಾಗಿ, ಬೇಕೆಂದೇ ನಿಧಾನವಾಗಿ ಹೊರಡುತ್ತದೆ. ಜಪಾನಿನ ಧ್ವನಿ ಕಲಾವಿದರು ಇದನ್ನು ಉಸಿರಿನ ನಟನೆ ಎಂದೇ ಕರೆದು, ಬೇರೆಯಾಗಿ ಅಭ್ಯಾಸ ಮಾಡುತ್ತಾರೆ. ಮುತ್ತಿನ ಸದ್ದನ್ನೂ ಅವರೇ ತುಟಿಯಿಂದಲೋ ತಮ್ಮ ಕೈಯ ಹಿಂಬದಿಯಿಂದಲೋ ಮಾಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ, ಅಕ್ಕಪಕ್ಕದ ಮೈಕುಗಳ ಮುಂದೆ ನೇರ ನಿಂತು, ಕಾಗದ ನೋಡುತ್ತಲೇ ಆ ಆಪ್ತತೆಯನ್ನು ಹುಟ್ಟಿಸುತ್ತಾರೆ ಎಂಬುದನ್ನು ನೆನೆದರೆ ಈ ಕಸುಬಿನ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಅನಿಮೆಯೊಡನೆ ಹೋಲಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅನಿಮೆಯಲ್ಲಿ ಪರದೆಯ ಮೇಲಿನ ಬಾಯಿ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಹೊತ್ತಿನಲ್ಲಿ ಮಾತು ಮುಗಿಯಬೇಕು. ಡ್ರಾಮಾ ಸಿಡಿಯಲ್ಲಿ ಪರದೆ ಇಲ್ಲ. ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ನಿರ್ದೇಶಕರ ಒಪ್ಪಿಗೆಯೊಡನೆ ಕಲಾವಿದರೇ ತೀರ್ಮಾನಿಸಬಹುದು. ಇಬ್ಬರೂ ಒಟ್ಟಿಗೆ ನಿಂತು ಮುದ್ರಿಸಿದಾಗ ಒಬ್ಬನ ಮೌನ ಇನ್ನೊಬ್ಬನ ಮುಂದಿನ ಮಾತನ್ನು ಬದಲಿಸುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಮುದ್ರಿಸಿ ಜೋಡಿಸುವುದೂ ಉಂಟು. ಚೆನ್ನಾಗಿ ಜೋಡಿಸಿದ್ದರೆ ವ್ಯತ್ಯಾಸ ಗೊತ್ತಾಗದು. ಆದರೂ ಜಗಳದ ದೃಶ್ಯದಲ್ಲಿ ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ತುಳಿಯುವ ಬಿಸಿ ಒಟ್ಟಿಗೆ ನಿಂತಾಗಲೇ ಬರುವುದು ಎಂದು ನನಗೆ ಅನ್ನಿಸುತ್ತದೆ.

‘ಸಾಯೆಜುರು’ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ನಾಟಕ. ಯಶಿರೊ ಯಾಕುಜಾ ಎಂಬ ಜಪಾನಿ ಭೂಗತ ಗುಂಪಿನ ಮುಂದಾಳು, ಮಾತುಗಾರ. ಅವನು ಸದಾ ಕೀಟಲೆಯ ದನಿಯಲ್ಲಿ ಬದುಕುವವನು, ತನ್ನ ನೋವನ್ನೂ ತಮಾಷೆಯ ಹಾಗೆ ಹೇಳಿಬಿಡುವವನು. ದೊಮೆಕಿ ಅವನ ಅಂಗರಕ್ಷಕ, ಹಿಂದೆ ಪೊಲೀಸನಾಗಿದ್ದವನು. ಅವನ ಬಾಯಿಂದ ಬರುವುದು ಬಹುತೇಕ ಒಂದೆರಡು ಪದದ ಉತ್ತರ, ಅದೂ ಮರ್ಯಾದೆಯ ಭಾಷೆಯಲ್ಲಿ. ಶಿಂಗಾಕಿಯವರು ಯಶಿರೊನ ಮಾತನ್ನು ಹಗುರಾಗಿ, ತುಸು ಒರಟಾಗಿ, ತೇಲಿಸಿಬಿಡುವಂತೆ ಆಡುತ್ತಾರೆ. ಆ ತೇಲುವಿಕೆ ಎಲ್ಲಿ ನಿಲ್ಲುತ್ತದೆ ಎಂದು ಕಾದು ಕೇಳಿ. ಕೀಟಲೆಯ ಮಾತೊಂದರ ಕೊನೆಯಲ್ಲಿ ನಗೆ ಬರಬೇಕಾದ ಜಾಗದಲ್ಲಿ ಬರೀ ಗಾಳಿ ಬಂದಿರುತ್ತದೆ. ಹತಾನೊ ಅವರದು ಇದರ ತದ್ವಿರುದ್ಧ ಸವಾಲು. ‘ಹೌದು’ ಎಂಬ ಒಂದೇ ಉತ್ತರವನ್ನು ಒಪ್ಪಿಗೆಯಾಗಿ, ಆಜ್ಞಾಪಾಲನೆಯಾಗಿ, ಹಟವಾಗಿ, ಕೊನೆಗೆ ಹಂಬಲವಾಗಿ ಆಡಬೇಕು, ದನಿಯನ್ನು ಹೆಚ್ಚು ಏರಿಸದೆ, ಇಳಿಸದೆ. ಒಂದು ಕಾಗದದಲ್ಲಿ ದೊಮೆಕಿಯ ಈ ಚಿಕ್ಕ ಉತ್ತರಗಳನ್ನಷ್ಟೇ ಗುರುತು ಹಾಕುತ್ತಾ ಹೋಗಿ, ಪ್ರತಿಯೊಂದರ ಮುಂದೆ ನಿಮಗೆ ತೋಚಿದ ಭಾವ ಬರೆಯಿರಿ. ಮಾಂಗಾದಲ್ಲಿ ಅವೆಲ್ಲ ಒಂದೇ ಅಕ್ಷರಗಳು. ಕಿವಿಗೆ ಒಂದರ ಹಾಗೆ ಇನ್ನೊಂದಿಲ್ಲ.

ಐದನೆಯ ಹೆಜ್ಜೆ: ಕರೆಯುವ ರೀತಿ ಬದಲಾದಾಗ ನಿಲ್ಲಿಸಿ

ಮೂರನೆಯ ಸಲ ಕೇಳುವಾಗ ಒಂದಿಷ್ಟು ಜಪಾನಿಯನ್ನೂ ಹಿಡಿಯಬಹುದು. ಹೆಸರುಗಳಿಂದ ಶುರು ಮಾಡಿ. ಕಥೆಯ ಆರಂಭದಲ್ಲಿ ಮನೆತನದ ಹೆಸರಿಗೆ ‘ಸಾನ್’ ಎಂಬ ಗೌರವಸೂಚಕ ಸೇರಿಸಿ ಕರೆಯುತ್ತಿದ್ದವನು ಒಂದು ದಿನ ಅದನ್ನು ಬಿಟ್ಟು ಸ್ವಂತ ಹೆಸರು ಹಿಡಿದು ಕರೆಯುತ್ತಾನೆ. ‘ನೀವು’ ಬಿಟ್ಟು ‘ನೀನು’ ಎನ್ನಲು ಎಷ್ಟು ಧೈರ್ಯ ಬೇಕೆಂದು ಬಲ್ಲ ಕನ್ನಡಿಗರಿಗೆ ಇದರ ತೂಕ ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಈ ಘಟ್ಟ ಎಷ್ಟೋ ಸಲ ಸಪ್ಪಗಾಗುತ್ತದೆ, ಧ್ವನಿಯಲ್ಲಿ ಎಂದೂ ಇಲ್ಲ. ಆ ಹೆಸರನ್ನು ಉಚ್ಚರಿಸುವ ಮುನ್ನ ಕಲಾವಿದ ಎಷ್ಟು ಹೊತ್ತು ತಡೆದ, ಹೆಸರಿನ ಮೊದಲ ಅಕ್ಷರ ಗಟ್ಟಿಯಾಗಿತ್ತೇ, ಕೊನೆಯದು ಕರಗಿತೇ, ಕೇಳಿಸಿಕೊಂಡವನ ಉಸಿರು ಏನಾಯಿತು: ಇಷ್ಟನ್ನು ಗಮನಿಸಲು ಅದೇ ಹತ್ತು ಕ್ಷಣಗಳನ್ನು ಮತ್ತೆ ಮತ್ತೆ ಹಾಕಿ ಕೇಳಿ.

ತನ್ನನ್ನು ತಾನು ಕರೆದುಕೊಳ್ಳುವ, ಅಂದರೆ ‘ನಾನು’ ಎನ್ನುವ ಪದಗಳೂ ಹಾಗೆಯೇ. ‘ಒರೆ’ ಎನ್ನುವವನು ಸಲಿಗೆಯವನು, ತುಸು ಒರಟ. ‘ಬೊಕು’ ಎನ್ನುವವನು ಮೆದು. ಕಚೇರಿಯಲ್ಲಿ ‘ವತಾಶಿ’ ಎನ್ನುವವನೇ ಮನೆಗೆ ಬಂದು ‘ಒರೆ’ ಎಂದರೆ ಕೊರಳಪಟ್ಟಿ ಸಡಿಲಿಸಿದ ಎಂದೇ ಲೆಕ್ಕ, ಕಂಠವೂ ಅದರೊಡನೆ ಸಡಿಲಾಗುತ್ತದೆ.

ಕನ್ನಡದ ಕಿವಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ನಮ್ಮಂತೆಯೇ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬ ನಿರಾಕರಣೆಯೂ ಕೊನೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ವಾಕ್ಯ ಪೂರ್ತಿಯಾಗುವವರೆಗೆ ಬೇಕೋ ಬೇಡವೋ ಗೊತ್ತಾಗದು. ಒಳ್ಳೆಯ ಕಲಾವಿದ ಆ ಕೊನೆಯನ್ನು ತಡೆಹಿಡಿದು ಎದುರಿನವನನ್ನೂ ನಮ್ಮನ್ನೂ ಕಾಯಿಸುತ್ತಾನೆ. ಕೆಲವೊಮ್ಮೆ ಕೊನೆಯನ್ನು ಆಡುವುದೇ ಇಲ್ಲ. ಹೀಗೆ ಅರ್ಧಕ್ಕೆ ಬಿಟ್ಟ ವಾಕ್ಯಗಳಿಗೆ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಭಾಷೆಯನ್ನು ಕ್ರಮವಾಗಿ ಕಲಿಯುವ ಮನಸ್ಸಾದರೆ ಬೆಂಗಳೂರಿನಲ್ಲಿ ತರಗತಿಗಳಿವೆ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಕೇಂದ್ರವೂ ಇದೆ. ಕೇಳುವ ಸುಖಕ್ಕೆ ಅದು ಕಡ್ಡಾಯವಲ್ಲ.

ಆರನೆಯ ಹೆಜ್ಜೆ: ಒಬ್ಬ ಕಲಾವಿದನ ಬೆನ್ನು ಹತ್ತಿ

ಒಂದು ನಾಟಕ ಮನಸ್ಸಿಗೆ ಹಿಡಿದ ಮೇಲೆ ಅದೇ ಕಥೆಗಾರರ ಇನ್ನೊಂದು ಕಥೆಗೆ ಹಾರುವುದಕ್ಕಿಂತ ಅದೇ ಕಲಾವಿದನ ಇನ್ನೊಂದು ಪಾತ್ರಕ್ಕೆ ಹೋಗಿ. ಬಿಎಲ್ ಹೊರತಾದ ಪಾತ್ರವಾದರೆ ಇನ್ನೂ ಒಳ್ಳೆಯದು. ದೊಮೆಕಿಯಾಗಿ ಹೆಚ್ಚುಕಡಿಮೆ ಮೂಕನಾಗಿರುವ ಹತಾನೊ, ‘ಫೇರಿ ಟೇಲ್’ ಅನಿಮೆಯಲ್ಲಿ ಗುಟುರು ಹಾಕುವ ಗಾಜೀಲ್. ‘ಜುಂಜೊ ರೊಮಾಂಟಿಕಾ’ದಲ್ಲಿ ನೊವಾಕಿ ಎಂಬ ಎತ್ತರದ, ಮೃದು ಸ್ವಭಾವದ, ಪ್ರಿಯತಮನಿಗೂ ಮರ್ಯಾದೆಯ ಭಾಷೆಯಲ್ಲೇ ಮಾತಾಡುವ ಹುಡುಗನಿಗೆ ಧ್ವನಿಯಾದ ಹಿರೊಶಿ ಕಾಮಿಯಾ, ‘ಅಟ್ಯಾಕ್ ಆನ್ ಟೈಟನ್’ನಲ್ಲಿ ಮುಖಕ್ಕೆ ಹೊಡೆದಂತೆ ಮಾತಾಡುವ ಲೀವಾಯ್. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ. ಇಬ್ಬರಲ್ಲೂ ಕಂಠ ಒಂದೇ, ಅದರಲ್ಲಿ ಅನುಮಾನವಿಲ್ಲ. ಬದಲಾದದ್ದು ಉಸಿರನ್ನು ಖರ್ಚು ಮಾಡುವ ರೀತಿ. ಲೀವಾಯ್ ಜಿಪುಣ, ನೊವಾಕಿ ಧಾರಾಳಿ.

ತೊಶಿಯುಕಿ ಮೊರಿಕಾವಾ ಅವರನ್ನು ಬಿಟ್ಟು ಈ ವಿಷಯ ಪೂರ್ತಿಯಾಗದು. ಅಭಿಮಾನಿಗಳು ಅವರನ್ನು ಬಿಎಲ್‌ನ ಚಕ್ರವರ್ತಿ ಎಂದು ಕರೆಯುತ್ತಾರೆ. ಜಪಾನಿ ಡಬ್ಬಿಂಗ್‌ನಲ್ಲಿ ಟಾಮ್ ಕ್ರೂಸ್‌ಗೆ ಧ್ವನಿ ಅವರದೇ, ‘ಫೈನಲ್ ಫ್ಯಾಂಟಸಿ’ ವಿಡಿಯೊ ಗೇಮಿನ ಸೆಫಿರೊತ್ ಕೂಡ ಅವರೇ. 2018ರಲ್ಲಿ ಇವಾನಾಮಿ ಎಂಬ ಪ್ರತಿಷ್ಠಿತ ಪ್ರಕಾಶನದಿಂದ ಬಂದ ಅವರ ಪುಸ್ತಕದ ಶೀರ್ಷಿಕೆಯಲ್ಲೇ ತಮ್ಮ ವೃತ್ತಿಯನ್ನು ಧ್ವನಿಯ ಕುಶಲಕರ್ಮ ಎಂದು ಕರೆದುಕೊಂಡಿದ್ದಾರೆ. ವಿದ್ವತ್ತಿನ ಪುಸ್ತಕಗಳಿಗೆ ಹೆಸರಾದ ಮಾಲೆಯಲ್ಲಿ ಧ್ವನಿ ಕಲಾವಿದನೊಬ್ಬನ ಪುಸ್ತಕ ಬಂದದ್ದು ಈ ಕಸುಬಿಗೆ ಅಲ್ಲಿರುವ ಮನ್ನಣೆಯನ್ನು ಹೇಳುತ್ತದೆ. ವಯಸ್ಕರ ಕಂಪ್ಯೂಟರ್ ಆಟಗಳಂಥ ಕೆಲವೆಡೆ ಕಲಾವಿದರು ಬೇರೆ ಹೆಸರಿಟ್ಟುಕೊಳ್ಳುವುದು ವಾಡಿಕೆ. ಬಿಎಲ್ ಸಿಡಿಯಲ್ಲಿ ಸಾಮಾನ್ಯವಾಗಿ ತಮ್ಮ ರೂಢಿಯ ಹೆಸರಿನಲ್ಲೇ ನಿಲ್ಲುತ್ತಾರೆ. ಮಕ್ಕಳ ಕಾರ್ಟೂನಿಗೂ ಇದಕ್ಕೂ ಅದೇ ಹೆಸರು. ಕೆಲಸ ಎಂದರೆ ಕೆಲಸ ಎಂಬ ಈ ನೇರತನ ನನಗೆ ಬಹಳ ಇಷ್ಟ.

ಜೋಡಿಯನ್ನು ಹೋಲಿಸಿ ನೋಡುವ ಆಸೆಯಿದ್ದರೆ ಒಂದೇ ಕಥೆಗೆ ಎರಡು ತಂಡಗಳು ಧ್ವನಿ ಕೊಟ್ಟದ್ದನ್ನು ಹುಡುಕಿ. ‘ಗಿವನ್’ ಎಂಬ ಸಂಗೀತ ತಂಡದ ಕಥೆಯ ಡ್ರಾಮಾ ಸಿಡಿಯಲ್ಲಿ ಮುಖ್ಯ ಜೋಡಿಗೆ ಧ್ವನಿ ಕೊಟ್ಟವರು ಬೇರೆ. 2019ರ ದೂರದರ್ಶನ ಸರಣಿಯಲ್ಲಿ ಅದೇ ಪಾತ್ರಗಳು ಶೊಗೊ ಯಾನೊ ಮತ್ತು ಯುಮಾ ಉಚಿದಾ ಅವರ ಪಾಲಾದವು. ಯಾರು ಮೇಲು ಎಂಬ ವಾದಕ್ಕೆ ಇಳಿಯಬೇಡಿ. ಒಂದೇ ಮಾತಿನಲ್ಲಿ ಒತ್ತು ಯಾವ ಪದಕ್ಕೆ ಬಿತ್ತು, ಮೌನ ಎಲ್ಲಿ ಬಂತು ಎಂದು ನೋಡಿ, ಸಾಕು.

ಕೊನೆಯ ಟ್ರ್ಯಾಕ್ ಬಿಡಬೇಡಿ

ಹಲವು ಸಿಡಿಗಳ ಕೊನೆಯಲ್ಲಿ, ಇಲ್ಲವೇ ಜೊತೆಗೆ ಕೊಡುವ ಚಿಕ್ಕ ಸಿಡಿಯಲ್ಲಿ, ‘ಫ್ರೀ ಟಾಕ್’ ಇರುತ್ತದೆ. ನಾಟಕ ಮುಗಿದ ಮೇಲೆ ಕಲಾವಿದರು ಪಾತ್ರ ಕಳಚಿ, ತಮ್ಮ ಮಾಮೂಲು ದನಿಯಲ್ಲಿ ಹರಟುತ್ತಾರೆ. ಇದನ್ನು ಕೇಳಿದಾಗ ಅದುವರೆಗಿನ ಎಪ್ಪತ್ತು ನಿಮಿಷ ಎಷ್ಟು ಎಚ್ಚರದಿಂದ ಕಟ್ಟಿದ್ದು ಎಂದು ತಿಳಿಯುತ್ತದೆ. ಆದರೆ ನಾಟಕ ಮುಗಿದ ಕೂಡಲೇ ಕೇಳಬೇಡಿ, ಮರುದಿನಕ್ಕಿಡಿ. ಪಾತ್ರಗಳು ಒಂದು ರಾತ್ರಿಯಾದರೂ ನಿಮ್ಮಲ್ಲಿ ಉಳಿಯಲಿ.

ಎಚ್ಚರದ ಮಾತುಗಳು

ಹಳೆಯ ಬಿಎಲ್ ಕಥೆಗಳಲ್ಲಿ ಬಲವಂತವನ್ನೇ ಪ್ರೇಮವೆಂದು ತೋರಿಸಿದ್ದು ಸಾಕಷ್ಟಿದೆ. ಓದುವಾಗ ಪುಟ ತಿರುವಿ ದಾಟಿಬಿಡಬಹುದು. ಕೇಳುವಾಗ ಇಂಪಾದ ಕಂಠ ಅದನ್ನು ಸಿಹಿಯಾಗಿಸಿಬಿಡುತ್ತದೆ. ಧ್ವನಿಯ ಶಕ್ತಿಯೇ ಇಲ್ಲಿ ಅಪಾಯ. ಕೊಳ್ಳುವ ಮುನ್ನ ಕಥೆಯ ಸಾರಾಂಶ, ಓದುಗರ ವಿಮರ್ಶೆ ನೋಡಿಕೊಳ್ಳಿ. ಮನಸ್ಸಿಗೆ ಒಪ್ಪದ ದೃಶ್ಯ ಬಂದರೆ ನಿಲ್ಲಿಸಲು ಸಂಕೋಚ ಬೇಡ, ಕಲಾವಿದ ಎಷ್ಟೇ ದೊಡ್ಡವನಿರಲಿ.

ಈ ಕಥೆಗಳು ಬಹುಪಾಲು ಕಲ್ಪನೆಯ ಲೋಕ. ನಮ್ಮ ಸುತ್ತ ಬದುಕುವ ಸಲಿಂಗಿ ಗಂಡಸರ ದಿನನಿತ್ಯವನ್ನು ಇವುಗಳಿಂದ ಅಳೆಯಬೇಡಿ. ಭಾರತದಲ್ಲಿ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಅದರಾಚೆಗೂ ಅವರ ಹೋರಾಟ ಮುಗಿದಿಲ್ಲ. ಅವರ ಮಾತನ್ನು ಅವರಿಂದಲೇ ಕೇಳಬೇಕು. ಹಾಗೆಯೇ ಕಲಾವಿದರ ಖಾಸಗಿ ಬದುಕನ್ನೂ ಪಾತ್ರದೊಡನೆ ಕಲಸಬೇಡಿ. ಇಬ್ಬರು ಸೊಗಸಾಗಿ ನಟಿಸಿದರೆಂದು ಅವರ ನಡುವೆ ಇಲ್ಲದ್ದನ್ನು ಊಹಿಸುವುದು ಅವರ ಕಸುಬಿಗೆ ಮಾಡುವ ಅವಮಾನ.

ಇನ್ನು ಎರಡನೆಯ ನಾಟಕ ಯಾವುದಿರಲಿ ಎಂಬ ಪ್ರಶ್ನೆ. ಮೊದಲನೆಯದು ಗಂಭೀರವಾಗಿದ್ದರೆ ಎರಡನೆಯದಕ್ಕೆ ಹಾಸ್ಯ ಆರಿಸಿ. ವೇಗದ ಮಾತುಕತೆಯಲ್ಲಿ ಉಸಿರು ಹಿಡಿಯುವುದು ಬೇರೆಯೇ ವಿದ್ಯೆ, ಅದಕ್ಕೆ ಕಿವಿಯನ್ನು ಹೊಸದಾಗಿ ಹದಗೊಳಿಸಬೇಕಾಗುತ್ತದೆ. ಜಪಾನಿನ ಬಿಎಲ್ ಮಾಹಿತಿ ತಾಣವಾದ ‘ಚಿರುಚಿರು’ ಓದುಗರ ಮತದಿಂದ ವರ್ಷವರ್ಷ ಪ್ರಶಸ್ತಿ ಕೊಡುತ್ತದೆ. ಡ್ರಾಮಾ ಸಿಡಿಗೂ ಧ್ವನಿ ಕಲಾವಿದರಿಗೂ ಅದರಲ್ಲಿ ಬೇರೆ ಬೇರೆ ವಿಭಾಗಗಳಿವೆ. ಆ ಪಟ್ಟಿಗಳನ್ನು ಅನುವಾದ ಸಾಧನದ ನೆರವಿನಿಂದ ಓದಿ, ನೀವು ಈಗಾಗಲೇ ಓದಿರುವ ಮಾಂಗಾಗಳ ಹೆಸರು ಎಲ್ಲಿದೆ ಎಂದು ಹುಡುಕಿ, ಆ ನಾಟಕದ ಮಾದರಿಯನ್ನು ಕ್ರಮವಾಗಿ ಇಯರ್‌ಫೋನ್ ಹಾಕಿಕೊಂಡೇ ಕೇಳಿ, ಆಮೇಲೆ ಕೊಳ್ಳಿ.